ಜಾಗ್ವಾರ್ ಇ-ಟೈಪ್ ಮಾಡೆಲ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದ್ದು: ಶಾಲಾ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮೈದುನ ಜರ್ಮನಿಯಿಂದ ಬರುವಾಗ ಮಗನಿಗೆಂದು ಒಂದು ಡಬ್ಬ ತಂದ. ಜಾಗ್ವಾರ್ ಇ-ಟೈಪ್ ಅನ್ನೋ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಕೂಪೆಯ (ಮೇಲ್ಛಾವಣಿ ಇರುವ ಮಾದರಿಯ) ಪ್ಲಾಸ್ಟಿಕ್ ಕಿಟ್, 1/24 ಅಳತೆಯದು, ಅಂದರೆ ಅಸಲಿಗಿಂತ 24 ಪಟ್ಟು ಚಿಕ್ಕದು. ಮಗ ಎರಡು ದಿನ ತಿರುಗಿಸಿ ನೋಡಿ ಬ್ಯಾಟು ಹಿಡಿದು ಓಡಿದ. ಹುಚ್ಚು ಹಿಡಿದದ್ದು ನನಗೆ. ಬಾನೆಟ್ ಎತ್ತಿದರೆ ಎಂಜಿನ್ ಕಾಣಬೇಕು, ಒಳಗೆ ಸೀಟು, ಮೀಟರು ಎಲ್ಲ ನಿಜದ ಹಾಗೇ ಇರಬೇಕು ಅಂತ ಆಸೆ. ಆದರೆ ನಾನು ಈವರೆಗೆ ಕಟ್ಟಿದ್ದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲಿನ ಜ್ವಾಲಾಮುಖಿ ಒಂದೇ!

ಅಂಟಿಸಲು ಮನೆಯಲ್ಲಿರುವ ಸೂಪರ್ ಗ್ಲೂ ಸಾಕಾ? ಬಣ್ಣ ಬ್ರಷ್ಷಿನಲ್ಲಿ ಹಚ್ಚಬಹುದಾ? ಮನೆಯಲ್ಲಿ ಅತ್ತೆಯವರಿದ್ದಾರೆ, ಥಿನ್ನರ್ ವಾಸನೆ ಅವರಿಗೆ ಆಗುವುದಿಲ್ಲ. ಇನ್ನೊಂದು, ಚಕ್ರದ ಕಡ್ಡಿಗಳು ಫೋಟೋದಲ್ಲಿ ಕೂದಲೆಳೆಯ ಹಾಗಿವೆ, ಕಿಟ್ಟಿನಲ್ಲಿ ಕಿಟಕಿ ಸರಳಿನಷ್ಟು ದಪ್ಪ. ಅದಕ್ಕೇನಾದರೂ ದಾರಿ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಿಟುವಳ್ಳಿ, ದಾವಣಗೆರೆ (ಹನ್ನೆರಡು ವರ್ಷದಿಂದ ಕಾರು ಕಟ್ಟುತ್ತಿರುವವರು)

ಮೇಡಂ, ಮೊದಲು ಆ ಸೂಪರ್ ಗ್ಲೂ ಎತ್ತಿಡಿ.

ನಿಮ್ಮ ಜ್ವಾಲಾಮುಖಿಯ ಮೇಲೆ ಥಿನ್ನರ್ ಚೆಲ್ಲಿದ್ದರೆ ಥರ್ಮಾಕೋಲು ಕರಗಿ ಗುಳಿ ಬೀಳುತ್ತಿತ್ತು, ಅಲ್ವಾ? ಕಿಟ್ಟಿನ ಪ್ಲಾಸ್ಟಿಕ್ಕೂ ಅದೇ ಜಾತಿ, ಪಾಲಿಸ್ಟೈರೀನ್. ಮಾಡೆಲ್ ಸಿಮೆಂಟ್ ಅಂತ ಸಿಗುವ ತೆಳು ಅಂಟು ಈ ಗುಣವನ್ನೇ ಬಳಸಿಕೊಳ್ಳುತ್ತದೆ. ಎರಡು ತುಂಡು ಜೋಡಿಸಿ ಹಿಡಿದು ಸಂದಿಗೆ ಬ್ರಷ್ಷಿನ ತುದಿ ಮುಟ್ಟಿಸಿದರೆ ಸಾಕು, ಅಂಟು ತಾನಾಗಿ ಒಳಗೆ ಓಡುತ್ತದೆ. ಎರಡೂ ಅಂಚು ಚೂರು ಕರಗಿ ಒಂದಾಗುತ್ತವೆ. ಅದು ವೆಲ್ಡಿಂಗ್ ಇದ್ದ ಹಾಗೆ. ಸೂಪರ್ ಗ್ಲೂ ಹಾಗಲ್ಲ. ಮೇಲೆ ಮೇಲೆ ಹಿಡಿಯುತ್ತದೆ, ತಪ್ಪಾದರೆ ಸರಿಸಲು ಸಮಯ ಕೊಡುವುದಿಲ್ಲ. ಅದರ ಆವಿ ಗಾಜಿನ ತುಂಡಿನ ಮೇಲೆ ಕೂತರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಗಾಜಿಗೆ ಫೆವಿಕಾಲ್ ಹಚ್ಚಿ, ಒಣಗಿದ ಮೇಲೆ ಕಾಣುವುದೇ ಇಲ್ಲ. ಕ್ರೋಮ್ ಹಾಕಿದ ತುಂಡುಗಳಲ್ಲಿ ಅಂಟುವ ಜಾಗದ ಕ್ರೋಮ್ ಮಾತ್ರ ಬ್ಲೇಡಿನಲ್ಲಿ ಕೆರೆದುಬಿಡಿ, ಇಲ್ಲದಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ. ಸಿಮೆಂಟಿಗೂ ವಾಸನೆ ಉಂಟು, ಕಿಟಕಿ ತೆರೆದು ಕೂರಿ. ದೀಪ, ಊದುಬತ್ತಿ ಹತ್ತಿರ ಬೇಡ.

ಈಗ ನಾನು ಕಲಿತ ದೊಡ್ಡ ಪಾಠ. ಯಾವ ವರ್ಷದ ಕಾರು ಕಟ್ಟುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. ಇ-ಟೈಪ್ ಅಂದರೆ ಒಂದೇ ಕಾರಲ್ಲ. 1961ರ ಮಾರ್ಚಿನಲ್ಲಿ ಜಿನೀವಾದ ಕಾರು ಪ್ರದರ್ಶನದ ಹೊತ್ತಿಗೆ ಮೊದಲ ಸಲ ತೋರಿಸಿದಾಗ 3.8 ಲೀಟರ್ ಎಂಜಿನ್. 1964ರಲ್ಲಿ 4.2 ಆಯಿತು. ಹೆಡ್‌ಲೈಟಿನ ಮೇಲೆ ಗಾಜಿನ ಮುಚ್ಚಳ ಇದ್ದದ್ದು 1967ರವರೆಗೆ. 1971ರಲ್ಲಿ 12 ಸಿಲಿಂಡರಿನ ಎಂಜಿನ್ನೇ ಬಂತು. ಮೊದಲ ಐನೂರರಷ್ಟು ಕಾರುಗಳಲ್ಲಿ ಬಾನೆಟ್ ಬೀಗ ಹೊರಗಿನಿಂದ ತೆಗೆಯುವಂಥದ್ದು. ನೆಟ್ಟಿನಲ್ಲಿ ಸಿಗುವ ಫೋಟೋಗಳನ್ನೆಲ್ಲ ಕಲಸಿ ನೋಡಿದರೆ 1961ರ ಮೂತಿಗೆ 1969ರ ಬಾಲ ಬರುತ್ತದೆ. ನನ್ನ ಮೊದಲ ಇ-ಟೈಪ್ ಹಾಗೇ ಆಯಿತು. ಶೋಕೇಸಿನಲ್ಲಿ ಚೆನ್ನಾಗೇ ಕಾಣುತ್ತದೆ, ಆದರೆ ನನಗೆ ಕಣ್ಣಿಗೆ ಚುಚ್ಚುತ್ತದೆ.

ನಿಮ್ಮದು ಕೂಪೆ ತಾನೇ? ಹಾಗಾದರೆ ಒಂದೇ ಒಂದು ಕಾರನ್ನು ಗುರಿ ಇಟ್ಟುಕೊಳ್ಳಿ. ಜಿನೀವಾಕ್ಕೆ ಹೋದ ಕೂಪೆಯ ನಂಬರ್ 9600 ಎಚ್‌ಪಿ, ಬಣ್ಣ ಗನ್‌ಮೆಟಲ್ ಬೂದು. ಪತ್ರಿಕೆಯವರು ಓಡಿಸಿ ನೋಡಿ ಗಂಟೆಗೆ 150 ಮೈಲಿ ಮುಟ್ಟಿಸಿದ್ದು ಅದನ್ನೇ. ಅದರ ಫೋಟೋ ಬೇಕಾದಷ್ಟು ಸಿಗುತ್ತವೆ. ಅಲ್ಲಿ ಜನ ಟೆಸ್ಟ್ ಡ್ರೈವಿಗೆ ಮುಗಿಬಿದ್ದರಂತ ಇನ್ನೊಂದು ಕಾರು, ಹಸಿರು ಬಣ್ಣದ 77 ಆರ್‌ಡಬ್ಲ್ಯೂ, ರಾತ್ರೋರಾತ್ರಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಹೊರಟಿತು. ಓಡಿಸಿದವರು ಜಾಗ್ವಾರಿನ ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್. ಅದು ಮಾತ್ರ ಮೇಲ್ಛಾವಣಿ ಇಲ್ಲದ ಗಾಡಿ, ನಿಮ್ಮ ಕಿಟ್ಟಿಗೆ ಆಗುವುದಿಲ್ಲ.

ಅಂಟು ಮುಟ್ಟುವ ಮೊದಲು ಎಲ್ಲವನ್ನೂ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಟೇಪಿನಲ್ಲಿ ಜೋಡಿಸಿ ನೋಡಿ. ಅದರಲ್ಲೂ ಬಾನೆಟ್. ಈ ಕಾರಿನಲ್ಲಿ ಬಾನೆಟ್ಟೂ ಎರಡು ಮಡ್‌ಗಾರ್ಡೂ ಸೇರಿ ಒಂದೇ ತುಂಡು, ಇಡಿಯಾಗಿ ಮುಂದಕ್ಕೆ ಬಾಗುತ್ತದೆ. ಬಾಗಿಲ ಹತ್ತಿರ ಕೂದಲಷ್ಟು ಸಂದಿ ಹೆಚ್ಚಾದರೂ ಇಡೀ ಗಾಡಿ ಆಕ್ಸಿಡೆಂಟ್ ಆಗಿ ರಿಪೇರಿಯಾದ ಹಾಗೆ ಕಾಣುತ್ತದೆ. ಅಸಲಿ ಕಾರಿನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 96 ಇಂಚು. 24ರಿಂದ ಭಾಗಿಸಿದರೆ ಸರಿಯಾಗಿ 4 ಇಂಚು. ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲು ಇಟ್ಟು ನೋಡಿ, ಚಾಸಿ ಸೊಟ್ಟಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೇದೇಹಳ್ಳಿ ರಸ್ತೆ, ಚಿತ್ರದುರ್ಗ

ಅಕ್ಕ, ಬಣ್ಣದ ವಿಷಯ ನಾನು ಹೇಳುತ್ತೇನೆ, ಯಾಕಂದರೆ ಅದರಲ್ಲಿ ಆಗಬಹುದಾದ ತಪ್ಪುಗಳನ್ನೆಲ್ಲ ನಾನು ಮಾಡಿ ಮುಗಿಸಿದ್ದೇನೆ.

ಕಾರಿನ ಹೊರಮೈಗೆ ಬ್ರಷ್ ಬೇಡ. ಒಳಗಿನ ಸಣ್ಣ ತುಂಡುಗಳಿಗೆ ಸರಿ. ಹೊರಮೈಗೆ ಸ್ಪ್ರೇ ಡಬ್ಬಿ ಸಾಕು, ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಊದುವ ಪೆನ್ನಿನಂಥದ್ದು) ಈಗಲೇ ಕೊಳ್ಳಬೇಡಿ. ನನ್ನ ಮೊದಲ ಕಾರಿಗೆ ತಾರಸಿಯ ಮೇಲೆ ಬಣ್ಣ ಹೊಡೆದೆ. ನಮ್ಮೂರ ಗಾಳಿ ನಿಮಗೆ ಗೊತ್ತಲ್ಲ, ಗುಡ್ಡದ ಮೇಲೆ ಫ್ಯಾನ್ ಸುಮ್ನೆ ನೆಟ್ಟಿಲ್ಲ. ಅರ್ಧ ಬಣ್ಣ ಪಕ್ಕದ ಮನೆಯವರ ಪಂಚೆಗೆ ಹೋಯಿತು, ಉಳಿದರ್ಧಕ್ಕೆ ಕೋಟೆ ಕಡೆಯ ಧೂಳೆಲ್ಲ ಬಂದು ಕೂತಿತು. ಎರಡನೇ ಸಲ ಜುಲೈನಲ್ಲಿ ಮನೆಯೊಳಗೆ. ಹೊರಗೆ ಜಿಟಿಜಿಟಿ ಮಳೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಕಪ್ಪು ಬಣ್ಣ ಹೊಡೆದದ್ದು, ಬೆಳಿಗ್ಗೆ ನೋಡಿದರೆ ವಿಭೂತಿ ಬಳಿದ ಹಾಗಿತ್ತು. ಮೂರನೇ ಸಲ ಏಪ್ರಿಲ್ ಮಧ್ಯಾಹ್ನ. ಬಣ್ಣ ಕಾರಿಗೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ರವೆಯ ಹಾಗೆ ಉದುರಿತು.

ಈಗ ನಾನು ದೀಪಾವಳಿ ಕಳೆದ ಮೇಲೆ, ಫೆಬ್ರವರಿ ಒಳಗೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೊಡೆಯುತ್ತೇನೆ. ದೊಡ್ಡ ರಟ್ಟಿನ ಪೆಟ್ಟಿಗೆ ಒಳಗೆ, ನೆಲಕ್ಕೆ ನೀರು ಚಿಮುಕಿಸಿ. ಡಬ್ಬಿಯನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿಟ್ಟರೆ ಹನಿ ಸಣ್ಣಗೆ ಬರುತ್ತದೆ. ಬಿಸಿ ನೀರಲ್ಲಿ ಇಡಲೇಬಾರದು, ಸಿಡಿಯುತ್ತದೆ.

ದಪ್ಪ ಹೊಡೆಯಬೇಡಿ. ಮಾಡೆಲಿನ ಮೇಲೆ 0.1 ಮಿಲಿಮೀಟರ್ ಬಣ್ಣ ಅಂದರೆ ಅಸಲಿ ಕಾರಿನ ಮೇಲೆ 2.4 ಮಿಲಿಮೀಟರ್ ಗಾರೆ ಮೆತ್ತಿದ ಲೆಕ್ಕ. ಬಾಗಿಲಿನ ಗೆರೆಗಳು ಮುಚ್ಚಿಹೋಗುತ್ತವೆ. ಅದಕ್ಕೇ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ, ಹೊಡೆಯುವ ಮೊದಲು ಬ್ಲೇಡಿನ ಬೆನ್ನಿನಿಂದ ಆ ಗೆರೆಗಳನ್ನು ಸ್ವಲ್ಪ ಆಳ ಮಾಡಿ.

ಪಿ.ಬಿ. ರಸ್ತೆ, ದಾವಣಗೆರೆ (ಗ್ಯಾರೇಜ್ ಪೇಂಟರ್)

ನಾನು ಮಾಡೆಲ್ ಕಟ್ಟುವವನಲ್ಲ, ಅಸಲಿ ಗಾಡಿಗೆ ಬಣ್ಣ ಹೊಡೆಯುವವನು. ಮೂವತ್ತು ವರ್ಷ ಆಯಿತು. ಅಳಿಯ ಇದನ್ನು ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ.

ಚಿತ್ರದುರ್ಗದವರು ಸರಿಯಾಗೇ ಹೇಳಿದ್ದಾರೆ. ಆದರೆ ಬಣ್ಣ ಹೊಡೆಯುವುದು ಅರ್ಧ ಕೆಲಸ, ಉಜ್ಜುವುದು ಇನ್ನರ್ಧ. ಬಣ್ಣದ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಲೇಪ, ಹೊಡೆದು ಒಂದು ವಾರ ಮುಟ್ಟಬೇಡಿ. ಆಮೇಲೆ 2000 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪು ಉಪ್ಪುಕಾಗದ) ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಹನಿ ಸೋಪು ಹಾಕಿ ಹಗುರವಾಗಿ ಎಳೆಯಿರಿ. ಕಿತ್ತಳೆ ಸಿಪ್ಪೆಯ ಹಾಗೆ ಇರುವ ಗುಳಿಗಳು ಹೋಗಿ ಒಂದೇ ಸಮ ಮಂಕಾಗಬೇಕು. ಆಮೇಲೆ 3000. ಕೊನೆಗೆ ಹಳೆ ಬನಿಯನ್ ಬಟ್ಟೆಯಲ್ಲಿ ಕಾಂಪೌಂಡ್, ಅಂದರೆ ಹೊಳಪು ತರುವ ಪೇಸ್ಟ್, ಹಚ್ಚಿ ತಿಕ್ಕಿ. ಅಂಚುಗಳ ಮೇಲೆ ಕೈ ಇಡಬೇಡಿ, ಬಣ್ಣ ಅಲ್ಲೇ ತೆಳ್ಳಗಿರುತ್ತದೆ, ಒಂದು ಎಳೆತಕ್ಕೆ ಪ್ರೈಮರ್ ಹೊರಗೆ ಬರುತ್ತದೆ. ಗಾಡಿಯ ಅಂಚಿಗೆ ನಾವು ಟೇಪ್ ಹಾಕಿಯೇ ಉಜ್ಜುವುದು.

ಮತ್ತೆ, ನಮ್ಮ ಗ್ಯಾರೇಜಿನ ಎನ್‌ಸಿ ಥಿನ್ನರ್ ಆ ಪ್ಲಾಸ್ಟಿಕ್ಕಿಗೆ ನೇರವಾಗಿ ತಾಗಿಸಬೇಡಿ, ಬೆಣ್ಣೆ ಹಾಗೆ ಕರಗುತ್ತದೆ. ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್ ಚೆನ್ನಾಗಿ ಹೊಳೆಯುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಮನೆಯಲ್ಲಿ ಬೇಡವೇ ಬೇಡ ತಾಯಿ. ಅದರಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಿನ ಕಾಯಿಲೆ ಹತ್ತಿಸುತ್ತದೆ. ಬಟ್ಟೆ ಮಾಸ್ಕಿನಿಂದ ಅದು ನಿಲ್ಲುವುದಿಲ್ಲ. ನಾವು ಹುಡುಗರಾಗಿದ್ದಾಗ ಟವೆಲ್ ಸುತ್ತಿಕೊಂಡು ಹೊಡೆದೆವು, ಈಗ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ.

ಶಾಲಾ ಶಿಕ್ಷಕಿ

ತಡವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಪ್ರಶ್ನೆ ಕೇಳಿದ ಸಂಜೆಯೇ ಹಿಂದಿನ ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಿ ನೋಡಿದ್ದೆ. ಈಗ ಅದು ಹಾಲಿನ ಕೆನೆ ಕಟ್ಟಿದ ಹಾಗಿದೆ. ಹೋಯಿತಾ?

ನಿಟುವಳ್ಳಿ

ಹೋಗಿಲ್ಲ ಮೇಡಂ. ಮೆಲ್ಲಗೆ ಬಿಡಿಸಿ, ಪೇಂಟರ್ ಅಣ್ಣ ಹೇಳಿದ ಅದೇ 3000 ಪೇಪರ್, ಅದೇ ಕಾಂಪೌಂಡ್. ಮಂಜು ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಬೆರಳ ಗುರುತು ಅಂಟಿನಲ್ಲಿ ಅಚ್ಚಾಗಿದ್ದರೆ ಮಾತ್ರ ಕಷ್ಟ.

ಹರಿಹರ (ನಿವೃತ್ತ ಲೇತ್ ಕೆಲಸಗಾರರು)

ಚಕ್ರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ! ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರಿನವನು ನಾನು, ಚಕ್ರ ಬಿಟ್ಟು ಇನ್ನೇನು ಮಾತಾಡಲಿ.

ಅಮ್ಮಾ, ಆ ಕಾರಿನ ಒಂದು ಚಕ್ರಕ್ಕೆ 72 ಕಡ್ಡಿ. ನಾಲ್ಕಕ್ಕೆ 288. ಅಸಲಿ ಕಡ್ಡಿ ಸುಮಾರು 4 ಮಿಲಿಮೀಟರ್ ಇದ್ದರೆ ನಿಮಗೆ ಬೇಕಾದದ್ದು 0.17. ಮೆತ್ತನೆಯ ಕರೆಂಟ್ ವೈರ್ ಬಿಚ್ಚಿದರೆ ಒಳಗೆ 0.2ರ ತಾಮ್ರದ ಎಳೆ ಸಿಗುತ್ತದೆ, ಅದು ನಡೆಯುತ್ತದೆ. ಎರಡು ಕಡೆ ಮರದ ತುಂಡಿಗೆ ಕಟ್ಟಿ ಸ್ವಲ್ಪ ಎಳೆದರೆ ನೆಟ್ಟಗಾಗುತ್ತದೆ.

ನಾನು ಮೊಮ್ಮಗನಿಗೆ ಒಂದು ಜೊತೆ ಮಾಡಿದೆ. ಹಿತ್ತಾಳೆ ಸರಳಿನಿಂದ ಹೊರಗಿನ ರಿಮ್ಮು, ನಡುವಿನ ಹಬ್ಬು ಕಡೆದೆ. ತೂತು ಹಾಕಲು ಡಿವೈಡಿಂಗ್ ಹೆಡ್, ಅಂದರೆ ವೃತ್ತವನ್ನು ಸಮ ಭಾಗ ಮಾಡುವ ಸಾಧನ. 72 ಭಾಗ ಅಂದರೆ ಒಂದಕ್ಕೆ 5 ಡಿಗ್ರಿ. ಹಿಡಿ ನಲವತ್ತು ಸುತ್ತು ತಿರುಗಿಸಿದರೆ ಚಕ್ರ ಒಂದು ಸುತ್ತು ತಿರುಗುವ ಹೆಡ್ ಆದರೆ 40 ಭಾಗಿಸು 72, ಅಂದರೆ 18 ತೂತಿನ ವೃತ್ತದಲ್ಲಿ 10 ತೂತು ಸರಿಸುವುದು. ಈ ಲೆಕ್ಕ ಕೈ ಮರೆಯುವುದಿಲ್ಲ. ಕಡ್ಡಿಗಳು ನೇರ ಹೋಗುವುದಿಲ್ಲ, ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ಸೈಕಲ್ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಚಕ್ರ ಕಟ್ಟುವುದನ್ನು ನೋಡಿ ಬನ್ನಿ, ಪುಸ್ತಕಕ್ಕಿಂತ ಅದು ವಾಸಿ. ಒಂದು ಚಕ್ರಕ್ಕೆ ನನಗೆ ಎಂಟು ದಿನ ಹಿಡಿಯಿತು. ಎರಡು ಮುಗಿಸುವಷ್ಟರಲ್ಲಿ ಕಣ್ಣು ಸಾಕಪ್ಪಾ ಅಂದಿತು. ಆ ಕಾರಿಗೆ ಈಗಲೂ ಎಡಗಡೆ ನಾನು ಮಾಡಿದ ಚಕ್ರ, ಬಲಗಡೆ ಕಿಟ್ಟಿನ ಚಕ್ರ. ಬಲಗಡೆ ಗೋಡೆಗೆ ತಾಗಿಸಿ ಇಟ್ಟಿದ್ದೇವೆ.

ನಿಮ್ಮ ಹತ್ತಿರ ಲೇತ್ ಇಲ್ಲ. ಕಿಟ್ಟಿನ ಚಕ್ರಕ್ಕೆ ಮೊದಲು ಕಪ್ಪು ಹೊಡೆದು, ಕಡ್ಡಿಯ ನೆತ್ತಿಗೆ ಮಾತ್ರ ಒಣ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಸವರಿ. ಪಕ್ಕದಲ್ಲಿ ಕಪ್ಪು ಉಳಿದರೆ ಕಡ್ಡಿ ತೆಳ್ಳಗೆ ಕಾಣುತ್ತದೆ. ಮೊದಲ ಸಲಕ್ಕೆ ಅಷ್ಟೇ ಸಾಕು.

ಹೊಳಲ್ಕೆರೆ ರಸ್ತೆ, ಚಿತ್ರದುರ್ಗ (ಟೈಲರಿಂಗ್ ಮಾಡುವವರು)

ಒಳಗಿನ ಕೆಲಸ ನಮ್ಮ ಮನೆಯವರು ಕಟ್ಟುವ ಮಾಡೆಲ್ ಕಾರುಗಳಿಗೆ ನಾನೇ ಮಾಡುವುದು. ನೆಲಕ್ಕೆ ಕಾರ್ಪೆಟ್ ಬೇಕಾದರೆ ಉಣ್ಣೆ ದಾರವನ್ನು ಕತ್ತರಿಯಲ್ಲಿ ಪುಡಿಪುಡಿ ಮಾಡಿ, ಫೆವಿಕಾಲ್ ತೆಳ್ಳಗೆ ಬಳಿದು ಚಹಾ ಸೋಸುವ ಜರಡಿಯಿಂದ ಉದುರಿಸಿ. ಬಟ್ಟೆ ಅಂಟಿಸಬೇಡಿ, ಎಷ್ಟು ತೆಳು ಬಟ್ಟೆಯೂ ಈ ಅಳತೆಗೆ ಗೋಣಿಚೀಲದ ಹಾಗೆ ಕಾಣುತ್ತದೆ. ಸೀಟಿಗೆ ಹೊಳಪಿಲ್ಲದ ಬಣ್ಣ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಮೆಲ್ಲಗೆ ತಿಕ್ಕಿ. ಜನ ಕೂತು ಸವೆದ ಚರ್ಮದ ಹೊಳಪು ತಾನಾಗಿ ಬರುತ್ತದೆ. ಸ್ಟೀರಿಂಗ್ ಅಂಚು ಮರದ್ದು. ಮೊದಲು ತಿಳಿ ಮಣ್ಣಿನ ಬಣ್ಣ, ಮೇಲೆ ಕಂದು ಬಣ್ಣದ ಒಂದೆರಡು ಎಳೆ.

ನಿಟುವಳ್ಳಿ

ಎಂಜಿನ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಬಾನೆಟ್ ತೆರೆದಿಡುವುದಾದರೆ ಪ್ಲಗ್ ವೈರ್ (ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಒಯ್ಯುವ ವೈರ್) ಹಾಕಲೇಬೇಕು, ಅದೊಂದರಿಂದ ಎಂಜಿನ್ನಿಗೆ ಜೀವ ಬರುತ್ತದೆ. ಅಸಲಿ ವೈರ್ 7 ಮಿಲಿಮೀಟರ್, ನಿಮಗೆ 0.3 ಬೇಕು. ಕಪ್ಪು ಬಣ್ಣದ ತೆಳು ವೈರ್, ಆರು ತುಂಡು. ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ 1-5-3-6-2-4, ವೈರ್ ಜೋಡಿಸುವುದೂ ಅದೇ ಸರದಿಯಲ್ಲಿ. ಆದರೆ ಎಚ್ಚರ, ಜಾಗ್ವಾರ್‌ನವರು ಈ ಎಂಜಿನ್ನಿನಲ್ಲಿ ಒಂದನೇ ನಂಬರನ್ನು ಹಿಂದಿನಿಂದ, ಅಂದರೆ ಡ್ರೈವರ್ ಕಡೆಯಿಂದ ಎಣಿಸುತ್ತಾರೆ. ನಾನು ಮುಂದಿನಿಂದ ಎಣಿಸಿ ಹಾಕಿದ್ದೆ. ಮನೆಗೆ ಬಂದ ಒಬ್ಬ ಮೆಕ್ಯಾನಿಕ್ ಒಂದೇ ನೋಟಕ್ಕೆ ‘ಸರ್, ಈ ಗಾಡಿ ಸ್ಟಾರ್ಟ್ ಆಗಲ್ಲ’ ಅಂದ!

ಶಾಲಾ ಶಿಕ್ಷಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 9600 ಎಚ್‌ಪಿಯನ್ನೇ ಕಟ್ಟುತ್ತೇನೆ. ಗಾಜು ಉಜ್ಜಿದೆ, ಮುಕ್ಕಾಲು ಪಾಲು ತಿಳಿಯಾಗಿದೆ. ಚಕ್ರಕ್ಕೆ ಕಪ್ಪು-ಬೆಳ್ಳಿ ಉಪಾಯ ಮಾಡುತ್ತೇನೆ, ತಾಮ್ರದ ಎಳೆ ಇನ್ನೊಂದು ಜನ್ಮಕ್ಕೆ. ಬಾಡಿಯ ಬಣ್ಣ ದೀಪಾವಳಿ ಮುಗಿದ ಮೇಲೆ, ಅಷ್ಟರಲ್ಲಿ ಎಂಜಿನ್ ಮತ್ತು ಒಳಗಿನದ್ದು. ಆದರೆ ಬಣ್ಣ ಹೊಡೆದು ಅಭ್ಯಾಸ ಮಾಡಲು ಏನು ಬಳಸಲಿ? ಪ್ಲಾಸ್ಟಿಕ್ ಚಮಚ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ಮೇದೇಹಳ್ಳಿ ರಸ್ತೆ

ಹಳೆ ಸಿಡಿ ಡಬ್ಬಿ ಅಕ್ಕ. ಸಾಮಾನ್ಯವಾಗಿ ಅದೂ ಪಾಲಿಸ್ಟೈರೀನೇ. ಪ್ರೈಮರ್, ಬಣ್ಣ, ಕ್ಲಿಯರ್, ಉಜ್ಜುವುದು, ಎಲ್ಲ ಅದರ ಮೇಲೆ ಒಂದು ಸುತ್ತು ಮಾಡಿ. ನಾಲ್ಕೈದು ಡಬ್ಬಿ ಹಾಳಾದರೂ ಪರವಾಗಿಲ್ಲ.

ಶಾಲಾ ಶಿಕ್ಷಕಿ

ಮೂರು ಡಬ್ಬಿ ಮುಗಿದವು. ಮೊದಲನೆಯದರಲ್ಲಿ ಬಣ್ಣ ಸೋರಿತು, ಎರಡನೆಯದರ ಮೇಲೆ ಸೊಳ್ಳೆ ಕೂತಿತು, ಮೂರನೆಯದರಲ್ಲಿ ಟ್ಯೂಬ್‌ಲೈಟಿನ ಬಿಂಬ ನೆಟ್ಟಗೆ ಕಾಣುತ್ತಿದೆ. ಮನೆಯವರು ತಮ್ಮ ಭಾವಗೀತೆ ಸಿಡಿಗಳು ಯಾಕೆ ಪೇಪರಿನಲ್ಲಿ ಸುತ್ತಿವೆ ಅಂತ ಕೇಳುತ್ತಿದ್ದಾರೆ. ಇನ್ನೂ ಹೇಳಿಲ್ಲ.