ಭಾನುವಾರದ ಪ್ರಶ್ನೋತ್ತರ: ಸ್ನಾಯು ಕಾಯಿಲೆ, ಸಕ್ಕರೆ ಕಾಯಿಲೆ ಮತ್ತು ವ್ಯಾಯಾಮ

ಅಡ್ಮಿನ್, 10:00
ಎಲ್ಲರಿಗೂ ನಮಸ್ಕಾರ. ಇವತ್ತು ಮಧ್ಯಾಹ್ನದವರೆಗೆ ಡಾ. ವಸುಧಾ ಮೇಡಂ ಗ್ರೂಪಿನಲ್ಲಿ ಇರ್ತಾರೆ. ಪುನಶ್ಚೇತನ ಚಿಕಿತ್ಸೆಯ ವೈದ್ಯರು, ನರ ಮತ್ತು ಸ್ನಾಯು ಕಾಯಿಲೆ ಇರೋ ಮಕ್ಕಳನ್ನೂ ದೊಡ್ಡವರನ್ನೂ ಬಹಳ ವರ್ಷದಿಂದ ನೋಡ್ತಿದ್ದಾರೆ. ವ್ಯಾಯಾಮದ ಬಗ್ಗೆ ಮಾತ್ರ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಶಾರದಮ್ಮ, 10:04
ನಮಸ್ತೆ ಡಾಕ್ಟ್ರಮ್ಮ. ನನಗೆ 64 ವರ್ಷ, ಸಕ್ಕರೆ ಕಾಯಿಲೆ ಬಂದು 15 ವರ್ಷ ಆಯ್ತು. ಅಂಗಾಲು ಯಾವಾಗಲೂ ಜೋಮು, ಹತ್ತಿ ಮೇಲೆ ನಡೆದ ಹಾಗೆ ಇರುತ್ತೆ. ಬರಿಗಾಲಲ್ಲಿ ಜಲ್ಲಿ ಮೇಲೆ ನಡೆದರೆ ಸತ್ತ ನರ ಎಚ್ಚರ ಆಗುತ್ತೆ ಅಂತ ಮೆಸೇಜ್ ಬಂದಿತ್ತು. 20 ದಿನದಿಂದ ಮನೆ ಮುಂದೆ ನಡೀತಿದ್ದೀನಿ. ಇನ್ನೂ ಎಷ್ಟು ದಿನ ಮಾಡ್ಬೇಕು?

ಡಾ. ವಸುಧಾ, 10:09
ಇವತ್ತೇ ನಿಲ್ಲಿಸಿ ಅಮ್ಮ. ಜೋಮು ಅಂದ್ರೆ ನಿಮ್ಮ ಅಂಗಾಲಿನ ನರಗಳು ನೋವಿನ ಸುದ್ದಿ ಮುಟ್ಟಿಸೋದನ್ನ ಬಿಟ್ಟಿವೆ. ಕಲ್ಲು ಚುಚ್ಚಿ ರಕ್ತ ಬಂದ್ರೂ ನಿಮಗೆ ತಿಳಿಯಲ್ಲ. ಆ ಗಾಯ ಒಳಗೊಳಗೇ ಕೀವಾಗಿ ಬೆರಳು, ಪಾದ ತೆಗೆಸಿಕೊಂಡವರನ್ನ ನಾನು ನೋಡಿದ್ದೀನಿ. ಈಗಲೇ ಬಿಸಿಲಿಗೆ ಕೂತು, ಸೊಸೆನೋ ಮಗನೋ ಯಾರಿದ್ದಾರೋ ಅವರ ಕೈಲಿ ಎರಡೂ ಅಂಗಾಲು, ಬೆರಳ ಸಂದಿ ನೋಡಿಸಿ. ಗಾಯವೋ ಕಪ್ಪು ಕಲೆಯೋ ಕಂಡ್ರೆ ನಾಳೆ ಅನ್ನದೆ ಡಾಕ್ಟರ ಹತ್ರ ಹೋಗಿ. ನಡಿಗೆ ಬಿಡಬೇಡಿ. ಮೆತ್ತನೆ ಶೂ, ಕಾಲುಚೀಲ ಹಾಕ್ಕೊಂಡು ಸಮನೆಲದ ಮೇಲೆ ನಡೀರಿ. ಹಾಕೋ ಮೊದಲು ಶೂ ಒಳಗೆ ಕೈ ಆಡಿಸಿ ಕಲ್ಲಿದೆಯಾ ನೋಡಿ.

ಗಿರೀಶ, 10:12
ನಡಿಗೆಯಿಂದ ನಿಜವಾಗ್ಲೂ ಸಕ್ಕರೆ ಕಾಯಿಲೆ ತಡೆಯೋಕಾಗುತ್ತಾ ಮೇಡಂ? ಎಲ್ಲರೂ ಹೇಳ್ತಾರೆ, ಲೆಕ್ಕ ಯಾರೂ ಕೊಡಲ್ಲ.

ಡಾ. ವಸುಧಾ, 10:16
ಲೆಕ್ಕ ಇದೆ. ಚೆನ್ನೈನಲ್ಲಿ ನಡೆದ ಅಧ್ಯಯನ, 2006ರಲ್ಲಿ ಪ್ರಕಟವಾಯ್ತು. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದ 531 ಜನ. ಸಾಮಾನ್ಯ ಸಲಹೆ ಕೊಟ್ಟು ಬಿಟ್ಟವರಲ್ಲಿ 3 ವರ್ಷಕ್ಕೆ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು, ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ನೂರಕ್ಕೆ 39. ಅನ್ನ ಸಾಂಬಾರ್ ಉಣ್ಣೋ ನಮ್ಮಂಥವರಲ್ಲೇ ಮಾಡಿದ್ದು.

ಬಸವರಾಜ, ಹುಬ್ಬಳ್ಳಿ, 10:18
ಮೇಡಂರೀ, ನಮ್ಮ ಅಣ್ಣಗ ಸಣ್ಣಾವಿದ್ದಾಗ ಪೋಲಿಯೋ ಆಗಿತ್ತು. ಈಗ 52. ಇಷ್ಟು ವರ್ಷ ಚಲೋ ಇದ್ದ ಕಾಲೂ ಈಗ ಸೋಲಾಕತ್ತೈತಿ. ಜಿಮ್ಮಿಗೆ ಹಾಕಿದ್ರ ಶಕ್ತಿ ಬರತೈತೇನ್ರಿ?

ಡಾ. ವಸುಧಾ, 10:22
ಬಸವರಾಜ ಅವರೇ, ಪೋಲಿಯೋದಲ್ಲಿ ಉಳಿದುಕೊಂಡ ನರಕೋಶಗಳು ಸತ್ತವುಗಳ ಕೆಲಸವನ್ನೂ ಸೇರಿಸಿ 50 ವರ್ಷ ಮಾಡಿವೆ. ಈಗ ದಣಿದಿವೆ. ಭಾರ ಎತ್ತಿಸಬೇಡಿ. ಸ್ವಲ್ಪ ಮಾಡಿ, ಸುಸ್ತಾಗೋ ಮೊದಲೇ ಕೂರಲಿ, ಆಮೇಲೆ ಮತ್ತೆ ಸ್ವಲ್ಪ. ವ್ಯಾಯಾಮ ಮುಗಿದ ಅರ್ಧ ಗಂಟೆಗೆ ಮೊದಲಿಗಿಂತ ಸೋತಂತಾದರೆ, ಇಲ್ಲ ನೋವು ಮಾರನೇ ದಿನವೂ ಇದ್ದರೆ ಹೆಚ್ಚಾಯ್ತು ಅಂತ ಅರ್ಥ. ಬೇರೆ ಕಾರಣ ಇಲ್ಲ ಅಂತ ಒಮ್ಮೆ ನರರೋಗ ತಜ್ಞರಿಗೆ ತೋರಿಸಿ.

ಕಿರಣ್, 10:25
ಮೇಡಂ, ನನಗೆ 22. ಅಪ್ಪನ ಜೊತೆ ದಿನಸಿ ಅಂಗಡಿ ನೋಡ್ಕೊಳ್ತೀನಿ. ಚಿಕ್ಕಂದಿನಿಂದ ಒಂದು ತೊಂದರೆ. ಮೂಟೆ ಎತ್ತಿದ್ರೆ, ಬಸ್ಸಿಗೆ ಓಡಿದ್ರೆ ಒಂದೇ ನಿಮಿಷಕ್ಕೆ ಕೈಕಾಲು ಕಟ್ಟಿಗೆ ಥರ ಬಿಗಿದುಕೊಳ್ಳುತ್ತೆ. ಆದ್ರೆ ನಿಧಾನಕ್ಕೆ ನಡೀತಾ ಹೋದ್ರೆ ಹತ್ತು ನಿಮಿಷ ಆದಮೇಲೆ ಏನೂ ಇರಲ್ಲ, ಎಷ್ಟು ದೂರ ಬೇಕಾದ್ರೂ ನಡೀತೀನಿ. ಶಾಲೇಲಿ ಪಿಟಿ ಮಾಸ್ಟರು ಕಳ್ಳಾಟ ಅಂತ ಬೈತಿದ್ರು. ಜಿಮ್ ಸೇರಲಾ?

ಡಾ. ವಸುಧಾ, 10:27
ಜಿಮ್ ಮಾತು ಆಮೇಲೆ. ಹಾಗೆ ಬಿಗಿದುಕೊಂಡ ದಿನ ಮೂತ್ರದ ಬಣ್ಣ ಬದಲಾಗಿತ್ತಾ? ಸ್ನಾಯು ಒಡೆದಿದೆಯಾ ಅಂತ ತೋರಿಸೋ ಸಿಪಿಕೆ ರಕ್ತ ಪರೀಕ್ಷೆ ಆಗಿದೆಯಾ? ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವರಾ?

ಕಿರಣ್, 10:31
ಎರಡು ಸಲ ಕಾಫಿ ಡಿಕಾಕ್ಷನ್ ಥರ ಹೋಗಿತ್ತು. ಉಷ್ಣ ಅಂತ ಎಳನೀರು ಕೊಟ್ರು. ಅಮ್ಮ ಅಪ್ಪಂಗೆ ಅಕ್ಕನ ಮಗಳು. ಸಿಪಿಕೆ ಮಾಡಿಸಿಲ್ಲ.

ಡಾ. ವಸುಧಾ, 10:44
ಕಿರಣ್, ಹತ್ತು ನಿಮಿಷ ಆದಮೇಲೆ ಏನೂ ಇರಲ್ಲ ಅಂದ್ರಲ್ಲ, ಆ ಸಾಲನ್ನ ಎರಡು ಸಲ ಓದಿದೆ.

ಪ್ರತಿ ಸ್ನಾಯುವಿನೊಳಗೂ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತೆ. ಓಡೋಕೆ ಶುರು ಮಾಡಿದ ಮೊದಲ ನಿಮಿಷಗಳಲ್ಲಿ, ಭಾರ ಎತ್ತುವಾಗ, ಅದೇ ಇಂಧನ. ಅದನ್ನು ಒಡೆಯೋ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ಇರಲ್ಲ. ಕಣಜ ತುಂಬಿದೆ, ಬೀಗದ ಕೈ ಇಲ್ಲ. ಹಾಗಾಗಿ ಮೊದಲ ನಿಮಿಷದಲ್ಲೇ ಸ್ನಾಯು ಬಿಗಿದುಕೊಳ್ಳುತ್ತೆ. ಮೆಲ್ಲಗೆ ನಡೆದರೆ ಎಂಟು ಹತ್ತು ನಿಮಿಷಕ್ಕೆ ರಕ್ತದಲ್ಲಿರೋ ಸಕ್ಕರೆ, ಕೊಬ್ಬು ಬಂದು ಸೇರುತ್ತೆ, ಆಗ ಸಲೀಸು. 1951ರಲ್ಲಿ ಲಂಡನ್ನಿನ ವೈದ್ಯ ಬ್ರಯಾನ್ ಮೆಕಾರ್ಡಲ್ ಇಂಥ 30 ವರ್ಷದ ಒಬ್ಬರನ್ನು ಪರೀಕ್ಷೆ ಮಾಡಿದ್ರು. ಬಿರುಸಿನ ಕೆಲಸ ಮಾಡಿದಾಗ ಎಲ್ಲರ ರಕ್ತದಲ್ಲೂ, ಗ್ಲೈಕೋಜನ್ ಒಡೆದು ಹುಟ್ಟೋ ಲ್ಯಾಕ್ಟೇಟ್ ಏರುತ್ತೆ, ಆ ಮನುಷ್ಯನಿಗೆ ಏರಲೇ ಇಲ್ಲ. ಕಾಯಿಲೆಗೆ ಆ ವೈದ್ಯರದೇ ಹೆಸರು ಉಳೀತು.

ನಿಮಗೂ ಅದೇ ಇದೆ ಅಂತ ಫೋನಿನಲ್ಲಿ ನೋಡಿ ಹೇಳೋಕಾಗಲ್ಲ. ಆದ್ರೆ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಬರೋ ಕಾಯಿಲೆ ಇದು, ನಿಮ್ಮ ಮನೆಯ ಸಂಬಂಧ ಕೇಳಿದ್ದು ಅದಕ್ಕೇ. ನಿಮಾನ್ಸ್ ಥರ ನರಸ್ನಾಯು ವಿಭಾಗ ಇರೋ ಕಡೆ ಹೋಗಿ. ಅಲ್ಲಿಯವರೆಗೆ ಮೂಟೆ ಎತ್ತಬೇಡಿ, ಥಟ್ಟನೆ ಓಡಬೇಡಿ. ನಡಿಗೆ ಬಿಡಬೇಡಿ, ಮೊದಲ ಹತ್ತು ನಿಮಿಷ ತೀರಾ ನಿಧಾನ ಇರಲಿ. ವ್ಯಾಯಾಮಕ್ಕೆ ಮುಂಚೆ ಸಕ್ಕರೆ ನೀರು ಕುಡಿದರೆ ಇವರಿಗೆ ಅನುಕೂಲ ಅಂತ 2003ರಲ್ಲೇ ಒಂದು ಅಧ್ಯಯನ ಬಂದಿದೆ, ಅದನ್ನೂ ರೋಗ ಖಚಿತವಾದ ಮೇಲೆ ಕೇಳಿಕೊಂಡೇ ಮಾಡಿ. ಇನ್ನೊಮ್ಮೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಅದು ಉಷ್ಣ ಅಲ್ಲ. ಸ್ನಾಯು ಒಡೆದು ಅದರ ಕೆಂಪು ವಸ್ತು ಕಿಡ್ನಿಯಲ್ಲಿ ಇಳಿದುಬರ್ತಿದೆ. ನೇರ ಆಸ್ಪತ್ರೆಗೆ.

ನೀವು ಕಳ್ಳಾಟ ಆಡ್ತಿರಲಿಲ್ಲ.

ಕಿರಣ್, 10:46
ಥ್ಯಾಂಕ್ಯೂ ಮೇಡಂ. ಅಮ್ಮಂಗೆ ಓದಿ ಹೇಳ್ದೆ.

ಉಮೇಶ, 10:47
ಕಾಲು ಒತ್ತೋ ಮಸಾಜ್ ಮಷೀನ್ ಯಾವ ಕಂಪನಿದು ಒಳ್ಳೇದು?

ಮಹದೇವ, ಮೈಸೂರು, 10:52
ಮೇಡಂ, ಕಿರಣ್‌ಗೆ ಬರೆದಿದ್ದು ಓದಿ ಭಯ ಆಯ್ತು. ನನ್ ಮಗಂಗೆ 8 ವರ್ಷ. ಡಿಎಂಡಿ, ಅಂದ್ರೆ ಸ್ನಾಯು ಸವೆದುಹೋಗೋ ಡುಶೆನ್ ಕಾಯಿಲೆ ಅಂತ ಜೀನ್ ಟೆಸ್ಟ್ ಆಗಿದೆ. ನಾವು ಗರಡಿ ಮನೆಯವ್ರು, ನಮ್ಮಪ್ಪ ಪೈಲ್ವಾನ್ರು. ಹುಡ್ಗನ ಮೀನಖಂಡ ಕಲ್ಲು ಥರ ಗಟ್ಟಿ ಇದೆ, ಆದ್ರೆ ನೆಲದಿಂದ ಏಳುವಾಗ ಮೊಣಕಾಲು, ತೊಡೆ ಮೇಲೆ ಕೈಯೂರಿ ತನ್ನ ಮೈಯನ್ನ ತಾನೇ ಹತ್ತಿಕೊಂಡು ಏಳ್ತಾನೆ. ಶಕ್ತಿ ಬರ್ಲಿ ಅಂತ ಒಂದು ವಾರದಿಂದ ಬಸ್ಕಿ ಹೊಡೆಸ್ತಿದ್ದೀನಿ, ದಿನಕ್ಕೆ 30. ನಿನ್ನೆ ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿ, ಮೇಲಿಂದ ನಂದಿವರೆಗೆ ಮೆಟ್ಲು ಇಳಿಸ್ದೆ. ಹತ್ತೋದು ಕಷ್ಟ, ಇಳಿಯೋದು ಸುಲಭ ಅಲ್ವಾ ಅಂತ. ಇವತ್ತು ಬೆಳಿಗ್ಗೆ ಮೂತ್ರ ಅದೇ ಡಿಕಾಕ್ಷನ್ ಬಣ್ಣ. ಕಾಲು ಮುಟ್ಟಿಸ್ಕೊಳ್ತಿಲ್ಲ. ಇನ್ನೊಂದು, ಸ್ಟೀರಾಯ್ಡ್ ಮಾತ್ರೆ ವಿಷ ಅಂತ ವಿಡಿಯೋ ಬಂದಿತ್ತು, ನಾಲ್ಕು ದಿನದಿಂದ ನಿಲ್ಸಿದ್ದೀವಿ.

ಡಾ. ವಸುಧಾ, 10:53
ಮಹದೇವ ಅವರೇ, ಈಗಲೇ ಹೊರಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಮಾತ್ರೆ ಎಷ್ಟು ವರ್ಷದಿಂದ ಕೊಡ್ತಿದ್ರಿ? ವಾಂತಿ, ಹೊಟ್ಟೆನೋವು, ಮಂಪರು ಇದೆಯಾ?

ಮಹದೇವ, 10:55
ಎರಡು ವರ್ಷ. ರಾತ್ರಿ ಒಂದ್ಸಲ ವಾಂತಿ ಆಯ್ತು. ಬೆಟ್ಟದಲ್ಲಿ ತಿಂದಿದ್ದು ಆಗಿಲ್ಲ ಅನ್ಕೊಂಡ್ವಿ.

ಡಾ. ವಸುಧಾ, 10:57
ಆಟೋ ಹತ್ತಿ. ಅಲ್ಲಿ ಎರಡು ಮಾತು ಮೊದಲು ಹೇಳಿ, ಚೀಟಿಯಲ್ಲಿ ಬರೆದುಕೊಡಿ. ಒಂದು: ಡಿಎಂಡಿ ಹುಡುಗ, ಶ್ರಮದ ನಂತರ ಮೂತ್ರ ಕಪ್ಪಾಗಿದೆ. ಎರಡು: ಎರಡು ವರ್ಷದ ಸ್ಟೀರಾಯ್ಡ್ ನಾಲ್ಕು ದಿನದ ಹಿಂದೆ ಥಟ್ಟನೆ ನಿಂತಿದೆ, ವಾಂತಿ ಆಗಿದೆ. ಮಾತ್ರೆಯ ಪಟ್ಟಿ, ಹಳೇ ಫೈಲು ಜೊತೆಗಿರಲಿ. ಹುಡುಗನ್ನ ನಡೆಸಬೇಡಿ, ಎತ್ತಿಕೊಂಡು ಹೋಗಿ.

ಡಾ. ವಸುಧಾ, 11:15
ಅವರು ದಾರಿಯಲ್ಲಿದ್ದಾರೆ. ಉಳಿದ ತಂದೆ ತಾಯಂದಿರು ಇದನ್ನ ಪೂರ್ತಿ ಓದಿ.

ಡಿಎಂಡಿ ಮಕ್ಕಳ ಸ್ನಾಯುವಿನಲ್ಲಿ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಇಲ್ಲ. 1987ರಲ್ಲಿ ಗುರುತಿಸಿದ್ದು. ಸ್ನಾಯುಕೋಶದ ಪೊರೆ ಎಳೆತಕ್ಕೆ ಹರಿಯದ ಹಾಗೆ ಕಾಪಾಡೋದು ಅದರ ಕೆಲಸ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಹಿಗ್ಗುತ್ತಾ, ಮೈ ಭಾರವನ್ನ ತಡೆದು ಹಿಡಿಯುತ್ತಾ ಕೆಲಸ ಮಾಡುತ್ತೆ. ಬಾವಿಗೆ ಕೊಡ ಇಳಿಸುವಾಗ ಹಗ್ಗ ಜಾರದ ಹಾಗೆ ಬಿಗಿ ಹಿಡಿದ್ರೆ ಅಂಗೈ ಉರಿಯುತ್ತಲ್ಲ, ಹಾಗೆ. ಉಸಿರಿಗೆ ಇಳಿಯೋದು ಸುಲಭ, ಈ ಮಕ್ಕಳ ಸ್ನಾಯುವಿಗೆ ಅದೇ ಹೆಚ್ಚು ಏಟು. ಬಸ್ಕಿಯಲ್ಲಿ ಕೂರೋದೂ ಅದೇ. ಗಟ್ಟಿ ಮೀನಖಂಡ ಶಕ್ತಿಯ ಗುರುತಲ್ಲ, ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು, ನಾರು ತುಂಬ್ತಾ ಬಂದಿರುತ್ತೆ.

ಸ್ಟೀರಾಯ್ಡ್ ವರ್ಷಗಟ್ಟಲೆ ತಗೊಂಡಾಗ ಮೈ ತಾನಾಗಿ ಅದೇ ಥರದ ಹಾರ್ಮೋನ್ ಮಾಡೋದನ್ನ ನಿಲ್ಲಿಸಿರುತ್ತೆ. ಒಂದೇ ದಿನಕ್ಕೆ ನಿಲ್ಲಿಸಿದ್ರೆ ಬಿಪಿ ಕುಸಿದು ಮಗುವಿನ ಜೀವಕ್ಕೇ ಅಪಾಯ. ದಪ್ಪ ಆಗ್ತಾರೆ, ಎಲುಬು ಸವೆಯುತ್ತೆ, ನಿಜ. ಅದನ್ನ ಡಾಕ್ಟರ ಹತ್ರ ಮಾತಾಡಿ, ಕಡಿಮೆ ಮಾಡಬೇಕಿದ್ರೆ ಅವರು ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತಾರೆ. ವಿಡಿಯೋ ಮಾಡಿದವನು ನಿಮ್ಮ ಮಗುವಿನ ಜೊತೆ ತುರ್ತು ವಿಭಾಗದಲ್ಲಿ ನಿಲ್ಲಲ್ಲ.

ನಾಗರಾಜ, 11:19
ಮೇಡಂ, ಬೇಜಾರು ಮಾಡ್ಕೋಬೇಡಿ, ಎಲ್ಲದಕ್ಕೂ ಇಂಗ್ಲಿಷ್ ಔಷಧಿನೇ ಅಂದ್ರೆ ಹೇಗೆ? ನಮ್ಮ ಅಕ್ಕನ ಮಗಂಗೂ ಇದೇ. ಒಬ್ರು ಪಂಡಿತರ ಪುಡಿ, ತೈಲ ಒಂದೂವರೆ ವರ್ಷ ಹಾಕಿದ್ವಿ. ಸಿಪಿಕೆ 14,000 ಇದ್ದದ್ದು 6,000ಕ್ಕೆ ಬಂತು. ನಂಬರ್ ಬೇಕಾದವರು ಕೇಳಿ.

ಡಾ. ವಸುಧಾ, 11:24
ನಂಬರ್ ಹಂಚಬೇಡಿ. ಸಿಪಿಕೆ ಅಂದ್ರೆ ಒಡೆದ ಸ್ನಾಯುವಿನಿಂದ ರಕ್ತಕ್ಕೆ ಸೋರಿದ ವಸ್ತು. ಮಗು ನಡೆಯೋದು ಕಡಿಮೆಯಾದ್ರೆ, ಸ್ನಾಯುವೇ ಕರಗಿ ಕಡಿಮೆಯಾದ್ರೆ, ಸೋರೋದಕ್ಕೂ ಕಡಿಮೆಯೇ ಇರುತ್ತೆ. ಆ ಒಂದೂವರೆ ವರ್ಷದಲ್ಲಿ ಹುಡುಗ ನೆಲದಿಂದ ಏಳೋದು ಸುಧಾರಿಸಿತಾ?

ನಾಗರಾಜ, 11:26
ಈಗ ನಡೆಯಲ್ಲ. ಅದು ಬೇರೆ ವಿಷಯ.

ಸವಿತಾ, 11:27
ಬೇರೆ ವಿಷಯ ಹೇಗಾಗುತ್ತೆ ಸರ್? ಅದೇ ವಿಷಯ. ನನ್ನ ಮಗಂಗೆ 14, ಎರಡು ವರ್ಷದಿಂದ ವೀಲ್‌ಚೇರ್. ನಾವೂ ಪುಡಿ ತಿನ್ನಿಸಿದ್ವಿ. ಆಮೇಲೆ ಸ್ಟೆಮ್ ಸೆಲ್ ಅಂತ ಒಂದು ಕಡೆ ನನ್ನ ತಾಳಿ ಸರ ಅಡವಿಟ್ಟು ಕೊಡಿಸಿದ್ವಿ. ಏನೂ ಆಗ್ಲಿಲ್ಲ.

ಡಾ. ವಸುಧಾ, 11:28
ಡಿಎಂಡಿಗೆ ಸ್ಟೆಮ್ ಸೆಲ್ ಅಂತ ದುಡ್ಡು ತಗೊಂಡು ಚಿಕಿತ್ಸೆ ಮಾಡುವಂತಿಲ್ಲ. ಒಪ್ಪಿಗೆ ಪಡೆದ ಸಂಶೋಧನೆಯಲ್ಲಿ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ.

ರೇಣುಕಾ, 11:30
ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟರೆ ಜೋಮು ಹೋಗುತ್ತಾ ಮೇಡಂ? ನನಗೂ ಶುಗರ್.

ಡಾ. ವಸುಧಾ, 11:30
ಬೇಡ. ಸುಟ್ಟರೂ ತಿಳಿಯಲ್ಲ. ಶಾರದಮ್ಮನವರಿಗೆ ಬರೆದದ್ದು ಓದಿ.

ನಾಗರಾಜ, 11:33
ಸವಿತಾ ಅವರೇ, ಈ ಕಾಯಿಲೆ ಬರೋದೇ ತಾಯಿ ಕಡೆಯಿಂದ. ಮೊದಲೇ ಮನೆತನ ವಿಚಾರಿಸಿದ್ರೆ ಯಾರೂ ತಾಳಿ ಅಡವಿಡಬೇಕಿರಲಿಲ್ಲ.

ಸವಿತಾ, 11:34
ಏನಂದ್ರಿ? ಇದೇ ಮಾತನ್ನ ನಮ್ಮತ್ತೆ ಹತ್ತು ವರ್ಷದಿಂದ ಹೇಳ್ತಿದ್ದಾರೆ. ನಿಮ್ಮ ಅಕ್ಕಂಗೂ ಹೀಗೇ ಹೇಳ್ತೀರಾ?

ಗಿರೀಶ, 11:35
ನಾಗರಾಜ್, ಆ ಮಾತು ವಾಪಸ್ ತಗೊಳ್ಳಿ.

ನಾಗರಾಜ, 11:36
ವಿಜ್ಞಾನನೇ ಹೇಳುತ್ತೆ, ನಾನು ಹೇಳಿದ್ದಲ್ಲ. ನೀನ್ಯಾರಪ್ಪ ಮಧ್ಯ?

ಡಾ. ವಸುಧಾ, 11:41
ವಿಜ್ಞಾನ ಹೇಳೋದನ್ನ ಪೂರ್ತಿ ಕೇಳಿ. ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡು ಮಗುವಿಗೆ ಅದು ತಾಯಿಯಿಂದ ಬರುತ್ತೆ. ಆದ್ರೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತೆ, ತಾಯಿಯ ಜೀನ್ ಸರಿಯಾಗೇ ಇರುತ್ತೆ. ದೋಷ ಇರೋ ತಾಯಿಯೂ ಅದನ್ನ ಆರಿಸಿಕೊಂಡದ್ದಲ್ಲ. ಆಕೆಗೆ ಬೈಗುಳದ ಬದಲು ಎಕೋ ಪರೀಕ್ಷೆ ಮಾಡಿಸಿ, ಇಂಥ ತಾಯಂದಿರ ಹೃದಯವೂ ದುರ್ಬಲ ಆಗಬಹುದು. ಸವಿತಾ, ನಿಮ್ಮದು ಪರೀಕ್ಷೆ ಆಗಿದೆಯಾ?

ಸವಿತಾ, 11:43
ನನ್ನದು ಯಾರೂ ಹೇಳೇ ಇಲ್ಲ ಮೇಡಂ. ಮಾಡಿಸ್ತೀನಿ. ಒಂದು ಪ್ರಶ್ನೆ. ಬಸ್ಕಿ ಬೇಡ, ಮೆಟ್ಟಿಲು ಬೇಡ ಅಂದ್ರೆ ಸುಮ್ನೆ ಕೂರಿಸಬೇಕಾ? ಕೂತರೂ ಕೈಕಾಲು ಸೆಟೆದುಕೊಳ್ಳುತ್ತೆ.

ಡಾ. ವಸುಧಾ, 11:52
ಬೇಡ, ಕೂರಿಸಿಬಿಡಬೇಡಿ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿದ್ರು, 2013ರಲ್ಲಿ ಪ್ರಕಟವಾಯ್ತು. 30 ಹುಡುಗರು, 18 ಜನ ನಡೀತಿದ್ರು, 12 ಜನ ವೀಲ್‌ಚೇರಿನಲ್ಲಿದ್ರು. ಮೋಟಾರು ಸಹಾಯ ಮಾಡೋ ಸೈಕಲ್ಲಿನಲ್ಲಿ ಕಾಲಿಗೂ ಕೈಗೂ 24 ವಾರ ತುಳಿಸಿದ್ರು. ತುಳಿದವರ ಚಲನೆಯ ಅಂಕ ಹಾಗೇ ಉಳೀತು, ಆಗ ತುಳಿಸದೆ ಕಾಯಿಸಿದ್ದ ಗುಂಪಿನದು ಇಳೀತು. ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ಸಣ್ಣ ಅಧ್ಯಯನ, ಕಾಯಿಲೆ ವಾಸಿ ಆಗೋ ಮಾತಲ್ಲ. ಆದ್ರೂ ನನಗೆ ಅದರ ಮೇಲೆ ನಂಬಿಕೆ ಇದೆ, ಯಾಕಂದ್ರೆ ಸೈಕಲ್ ತುಳಿಯುವಾಗ ಆ ತಡೆದು ಹಿಡಿಯೋ ಎಳೆತ ಬಹಳ ಕಡಿಮೆ. ನಿಮ್ಮ ಫಿಸಿಯೋಥೆರಪಿಸ್ಟ್ ಹತ್ರ ಕೈಯಲ್ಲಿ ತುಳಿಯೋ ಪೆಡಲ್ ಕೇಳಿ, ಟೇಬಲ್ ಮೇಲೆ ಇಟ್ಟು ತಿರುಗಿಸಬಹುದು. ಬೆಚ್ಚಗಿನ ನೀರಿನಲ್ಲಿ ಆಟ, ದಿನಾ ಹಿಮ್ಮಡಿ ಎಳೆದು ಹಿಗ್ಗಿಸೋದು, ರಾತ್ರಿ ಪಾದವನ್ನ ನೇರ ಹಿಡಿಯೋ ಸ್ಪ್ಲಿಂಟ್ ಇದ್ದೇ ಇರಲಿ.

ರೂಪಾ, 11:54
ನನಗೆ ಮಯಸ್ತೀನಿಯಾ, ಸ್ನಾಯು ಬೇಗ ದಣಿಯೋ ಕಾಯಿಲೆ, ಸಂಜೆ ಹೊತ್ತಿಗೆ ರೆಪ್ಪೆ ಜೋತುಬೀಳುತ್ತೆ. ವಾಕ್ ಯಾವಾಗ ಮಾಡ್ಲಿ?

ಡಾ. ವಸುಧಾ, 11:56
ಬೆಳಿಗ್ಗೆ, ಮಾತ್ರೆ ಕೆಲಸ ಶುರು ಮಾಡಿದ ಮೇಲೆ, ಬಿಸಿಲೇರೋ ಮೊದಲು. ನುಂಗೋಕೆ, ಉಸಿರಾಡೋಕೆ ಕಷ್ಟ ಆದ ದಿನ ವಾಕ್ ಅಲ್ಲ, ಆಸ್ಪತ್ರೆ. ಯಾವ ಡಾಕ್ಟರು ಆ್ಯಂಟಿಬಯಾಟಿಕ್ ಬರೆದರೂ ಮಯಸ್ತೀನಿಯಾ ಇದೆ ಅಂತ ಮೊದಲು ಹೇಳಿ, ಕೆಲವು ನಿಮಗೆ ಆಗಲ್ಲ.

ಸೋಮಶೇಖರ, ಸಾಗರ, 11:58
ನಮ್ಮ ಕಡೆಯ ಹಂದಿಗೋಡು ಕಾಯಿಲೆಯೂ ಇದೇ ಜಾತಿಯದಾ?

ಡಾ. ವಸುಧಾ, 11:58
ಅಲ್ಲ. ಅದು ಎಲುಬು, ಕೀಲಿನದು.

ಪುಟ್ಟಸ್ವಾಮಿ, 12:01
ಸಿಪಿಕೆ ಇಳಿಸೋಕೆ ಏನು ತಿನ್ನಬೇಕು?

ಡಾ. ವಸುಧಾ, 12:01
ಮೇಲೆ ಬರೆದಿದ್ದೀನಿ.

ಉಮೇಶ, 12:03
ಮಸಾಜ್ ಮಷೀನ್ ಬಗ್ಗೆ ಕೇಳಿದ್ದೆ.

ಕಮಲಾಕ್ಷಿ, 12:05
ಅಂಗವಿಕಲರ ಕಾರ್ಡಿಗೆ ಎಲ್ಲಿ ಹೋಗಬೇಕು? ಮೂರು ಸಲ ಅಲೆಸಿದ್ದಾರೆ.

ನಾಗರಾಜ, 12:06
ಪ್ರಶ್ನೆ ಕೇಳಿದವರಿಗೆಲ್ಲ ಮೇಲೆ ಓದಿ ಅನ್ನೋದಾದ್ರೆ ಕಾರ್ಯಕ್ರಮ ಯಾಕೆ? ಬರಿಗಾಲ ನಡಿಗೆ ನಮ್ಮ ಹಿರಿಯರು ಮಾಡಿದ್ದೇ. [ಫಾರ್ವರ್ಡ್: ನರ ದೌರ್ಬಲ್ಯಕ್ಕೆ 7 ಮನೆಮದ್ದು]

ಡಾ. ವಸುಧಾ, 12:08
ನಾಗರಾಜ ಅವರೇ, ಇದೇ ಗ್ರೂಪಿನ ಇಂಥದೇ ಮೆಸೇಜ್ ನಂಬಿ ಶಾರದಮ್ಮ 20 ದಿನ ಜಲ್ಲಿ ತುಳಿದಿದ್ದಾರೆ. ಅಳಿಸಿ.

ಅಡ್ಮಿನ್, 12:09
ಅಳಿಸಿದ್ದೇನೆ. ನಾಗರಾಜ್ ಅವರನ್ನು ಇವತ್ತಿನ ಮಟ್ಟಿಗೆ ಹೊರಗಿಟ್ಟಿದ್ದೇನೆ.

ಶಾರದಮ್ಮ, 12:15
ಸೊಸೆ ನೋಡಿದ್ಲು. ಎಡಗಾಲ ಹೆಬ್ಬೆರಳ ಕೆಳಗೆ ಒಂದು ಸಣ್ಣ ತೂತು ಇದೆಯಂತೆ, ಕಾಲುಚೀಲಕ್ಕೆ ಅಂಟಿತ್ತು. ನನಗೆ ಏನೂ ನೋಯ್ತಿಲ್ಲ.

ಡಾ. ವಸುಧಾ, 12:16
ನೋಯ್ತಿಲ್ಲ ಅನ್ನೋದೇ ನನ್ನ ಚಿಂತೆ ಅಮ್ಮ. ಆ ಕಾಲು ಊರಬೇಡಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ, ಶುದ್ಧ ಬಟ್ಟೆ ಸುತ್ತಿ ಇವತ್ತೇ ತೋರಿಸಿ.

ಮಹದೇವ, 1:40
ಮೇಡಂ, ಅಡ್ಮಿಟ್ ಮಾಡ್ಕೊಂಡ್ರು. ಸಲೈನ್ ಹಾಕಿದ್ದಾರೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರು. ಕಿಡ್ನಿ ರಿಪೋರ್ಟ್ ಸಂಜೆಗೆ ಬರುತ್ತೆ. ಮೂತ್ರ ಸ್ವಲ್ಪ ತಿಳಿಯಾಗಿದೆ. ಇಡ್ಲಿ ಕೇಳ್ದ.

ಡಾ. ವಸುಧಾ, 1:42
ಇಡ್ಲಿ ಕೇಳಿದ್ದು ಒಳ್ಳೇದು. ಅಲ್ಲಿಯ ಡಾಕ್ಟರ್ ಒಪ್ಪಿದ್ರೆ ಕೊಡಿ. ರಿಪೋರ್ಟ್ ಬಂದ ಕೂಡಲೇ ನನಗೆ ಹಾಕಿ, ಎಷ್ಟು ಹೊತ್ತಾದ್ರೂ.

ಮಹದೇವ, 1:50
ಬಸ್ಕಿ ಇನ್ನು ಇಲ್ಲ ಮೇಡಂ. ಅವನಿಗೆ ಗರಡಿ ಮನೆ ಅಂದ್ರೆ ಪ್ರಾಣ, ಕೆಮ್ಮಣ್ಣಲ್ಲಿ ಕೂರೋದು ಇಷ್ಟ. ಸುಮ್ನೆ ಕರ್ಕೊಂಡು ಹೋಗಿ ಕೂರಿಸ್ಬಹುದಾ?

ಡಾ. ವಸುಧಾ, 1:51
ಖಂಡಿತ ಕರ್ಕೊಂಡು ಹೋಗಿ. ಒಳಗೆ ಇಳಿಯೋ ಮೆಟ್ಟಿಲು ಇದ್ರೆ ಎತ್ತಿ ಇಳಿಸಿ.