ಅರ್ಥವಿಲ್ಲದ ಪದ ಹೇಳಿಸುವ ಪರೀಕ್ಷೆ: ಮಗನಿಗೆ ಸರಿಯಾಗಿ ಕೇಳಿಸುತ್ತಿಲ್ಲವೋ, ನೆನಪು ನಿಲ್ಲುತ್ತಿಲ್ಲವೋ?

ಪುಟ್ಟನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರೂವರೆ ವರ್ಷ. ಮಾತು ತಡವಾಗಿ ಬಂತು, ಬೆಳವಣಿಗೆಯೂ ನಿಧಾನ. ಕಳೆದ ವಾರ ಮಾತಿನ ಪರೀಕ್ಷೆ ಮಾಡಿಸಿದೆವು. ಅರ್ಥವೇ ಇಲ್ಲದ ಪದಗಳನ್ನು ಹೇಳಿ, ಹಾಗೇ ಹೇಳು ಅಂದರು. 'ಟಿಮೊ' ಅಂದರೆ 'ತಿಮೊ' ಅಂದ. 'ಬಗೂಲಿ' ಸರಿಯಾಗಿ ಹೇಳಿದ. 'ಸದೊಪಿಲು' ಅಂದಾಗ 'ಸಪಿಲು' ಅಂದು ನನ್ನ ಮುಖ ನೋಡಿದ. ಐದು ಅಕ್ಷರದ್ದು ಬಂದಾಗ ಬಾಯೇ ಬಿಡಲಿಲ್ಲ, ಅಂಗಿಯ ಗುಂಡಿ ತಿರುಗಿಸುತ್ತಾ ಕೂತುಬಿಟ್ಟ. ಸಾಲಾಗಿ ಅಂಕಿಗಳನ್ನು ಹೇಳಿ ತಿರುಗಿ ಹೇಳಿಸಿದಾಗಲೂ ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಹೇಳಲಿಲ್ಲ.

ವರದಿಯಲ್ಲಿ 'ಧ್ವನಿ ನೆನಪು ಕಡಿಮೆ, ಕೇಳಿದ್ದನ್ನು ಗ್ರಹಿಸುವುದೂ ಕಡಿಮೆ ಇರಬಹುದು' ಅಂತ ಬರೆದಿದ್ದಾರೆ. ಎರಡು ವರ್ಷದ ಹಿಂದೆ ಕಿವಿ ಪರೀಕ್ಷೆ ಮಾಡಿಸಿದ್ದೆವು, ನಾರ್ಮಲ್ ಅಂತ ಬಂದಿತ್ತು. ಹಾಗಾದರೆ ತೊಂದರೆ ಕಿವಿಯಲ್ಲಾ, ನೆನಪಿನಲ್ಲಾ? ಎರಡನ್ನೂ ಬೇರೆ ಮಾಡಿ ನೋಡೋಕೆ ಆಗುತ್ತಾ? ರಾತ್ರಿ ನಿದ್ದೆ ಬರ್ತಿಲ್ಲ.

ಸ್ಪೀಚ್ ಥೆರಪಿಸ್ಟ್, 14 ವರ್ಷದಿಂದ

ಅಮ್ಮಾ, ನೀವು ಮಗನ ತಪ್ಪುಗಳನ್ನು ಇಷ್ಟು ಸರಿಯಾಗಿ ನೆನಪಿಟ್ಟು ಬರೆದಿದ್ದೀರಿ. ಅದರಿಂದಲೇ ಉತ್ತರ ಅರ್ಧ ಸಿಗುತ್ತದೆ.

ಕೇಳಿದ ಪದವನ್ನು ತಿರುಗಿ ಹೇಳುವುದು ನಮಗೆ ಒಂದೇ ಕೆಲಸ ಅನ್ನಿಸುತ್ತದೆ. ಆದರೆ ಅದರೊಳಗೆ ನಾಲ್ಕಾರು ಕೆಲಸಗಳಿವೆ. ಕಿವಿಗೆ ಬೀಳಬೇಕು, ಹತ್ತಿರದ ಧ್ವನಿಗಳನ್ನು ಬೇರೆ ಮಾಡಿ ಹಿಡಿಯಬೇಕು, ಹೇಳಿ ಮುಗಿಸುವ ತನಕ ತಲೆಯಲ್ಲಿ ಉಳಿಯಬೇಕು, ಆಮೇಲೆ ನಾಲಿಗೆ ತಿರುಗಬೇಕು. ಎಲ್ಲಿ ತಪ್ಪಿದರೂ ಹಾಳೆಯ ಮೇಲೆ ಸೊನ್ನೆಯೇ ಬೀಳುತ್ತದೆ. ಬ್ಯಾಡ್ಲಿ ಮತ್ತು ಹಿಚ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಹೇಳಿದ, ಆಮೇಲೆ ಬೆಳೆದ ನೆನಪಿನ ಮಾದರಿಯ ಪ್ರಕಾರ, ಕೇಳಿದ ಧ್ವನಿ ಮನಸ್ಸಿನಲ್ಲಿ ಉಳಿಯುವುದು ಸುಮಾರು ಎರಡು ಸೆಕೆಂಡ್ ಮಾತ್ರ, ಒಳಗೊಳಗೇ ಹೇಳಿಕೊಳ್ಳದಿದ್ದರೆ ಮಾಸಿಹೋಗುತ್ತದೆ. ಗೊತ್ತಿರುವ ಪದವಾದರೆ ಅರ್ಥ ಕೈ ಹಿಡಿಯುತ್ತದೆ. ಆ ಆಸರೆ ಇರಬಾರದು ಅಂತಲೇ ಅರ್ಥವಿಲ್ಲದ ಪದ ಕೊಡುವುದು.

ಈಗ ನಿಮ್ಮ ಮಗನ ವಿಷಯ. ಮೂರು ಅಕ್ಷರದ್ದು ಸರಿ, ನಾಲ್ಕಕ್ಕೆ ನಡುವಿನ ಅಕ್ಷರ ಬಿದ್ದುಹೋಯಿತು, ಐದಕ್ಕೆ ನಿಂತೇಹೋದ. ಉದ್ದ ಜಾಸ್ತಿಯಾದ ಹಾಗೆ ಕುಸಿಯುವುದು ನೆನಪಿನ ಕಡೆಗೆ ಬೊಟ್ಟು ಮಾಡುತ್ತದೆ. ಕೇಳಿ ಗುರುತಿಸುವುದರಲ್ಲೇ ತೊಂದರೆ ಇದ್ದಿದ್ದರೆ ಚಿಕ್ಕ ಪದಗಳಲ್ಲೂ ಅಲ್ಲಲ್ಲಿ ತಪ್ಪು ಬರಬೇಕಿತ್ತು. 'ತಿಮೊ' ಚಿಕ್ಕದೇ, ಆದರೂ ತಪ್ಪಿದೆ ಅಲ್ವಾ? ಅದಕ್ಕೇ ಕೇಳುತ್ತೇನೆ, ಮನೆಯಲ್ಲಿ ಟೋಪಿಗೆ 'ತೋಪಿ' ಅನ್ನುತ್ತಾನಾ? ಹೌದಾದರೆ ಅದು ನಾಲಿಗೆಯ ತಪ್ಪಿರಬಹುದು, ಅದನ್ನು ನೆನಪಿನ ಲೆಕ್ಕಕ್ಕೆ ಸೇರಿಸಬಾರದು. ಅಂಕ ಕೊಡುವ ರೀತಿಯಿಂದಲೂ ಚಿತ್ರ ಬದಲಾಗುತ್ತದೆ. ಇಡೀ ಪದಕ್ಕೆ ಸರಿ ಅಥವಾ ತಪ್ಪು ಅಂತ ಹಾಕಿದರೆ 'ಸಪಿಲು'ಗೂ ಮೌನಕ್ಕೂ ಒಂದೇ ಸೊನ್ನೆ. ಡೊಲ್ಲಹನ್ ಮತ್ತು ಕ್ಯಾಂಪ್‌ಬೆಲ್ ಎಂಬ ಸಂಶೋಧಕರು 1998ರಲ್ಲಿ ಮಾಡಿದ ಇಂಥದೇ ಪರೀಕ್ಷೆಯಲ್ಲಿ 16 ಪದಗಳಿವೆ, ಒಂದೊಂದು ಧ್ವನಿಯನ್ನೂ ಎಣಿಸುತ್ತಾರೆ. ಇಂಥ ಮಕ್ಕಳಿಗೆ ನನಗೆ ಆ ಲೆಕ್ಕವೇ ಇಷ್ಟ.

ಇನ್ನೊಂದು ಮಾತು. ಎರಡು ವರ್ಷ ಹಳೆಯ ಕಿವಿ ಪರೀಕ್ಷೆಯನ್ನು ನಂಬಿ ಕೂರಬೇಡಿ. ಈ ವಯಸ್ಸಿನಲ್ಲಿ ಕಿವಿಪರದೆಯ ಹಿಂದೆ ನೀರು ತುಂಬುವುದು, ಹೋಗುವುದು ಇದ್ದದ್ದೇ. ಆ ಸಮಯದಲ್ಲಿ ಮಗುವಿಗೆ ಮಾತು ಮಂದವಾಗಿ ಕೇಳಿಸುತ್ತದೆ. ಟಿಂಪನೊಮೆಟ್ರಿ, ಅಂದರೆ ಕಿವಿಪರದೆ ಸರಿಯಾಗಿ ಅಲುಗಾಡುತ್ತದಾ ಅಂತ ನೋಡುವ ಪರೀಕ್ಷೆ ಮಾಡಿಸಿ, ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಗದ್ದಲದಲ್ಲಿ ಮಾತು ಹಿಡಿಯುವುದು, ಎರಡು ಕಿವಿಗೂ ಬೇರೆ ಬೇರೆ ಅಂಕಿ ಕೇಳಿಸುವುದು, ಇಂಥ ಪರೀಕ್ಷೆಗಳನ್ನು ಸಾಮಾನ್ಯವಾಗಿ ಏಳು ವರ್ಷ ತುಂಬಿದ ಮೇಲೇ ಮಾಡುತ್ತೇವೆ. ಅದಕ್ಕಿಂತ ಮೊದಲು ಮಕ್ಕಳ ನಡುವೆ ವ್ಯತ್ಯಾಸ ತುಂಬಾ ಇರುತ್ತದೆ.

ವಿಶೇಷ ಮಕ್ಕಳ ಟೀಚರ್

ಮೇಲಿನವರು ಹೇಳಿದ್ದು ಸರಿ. ಅಂಕಿಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಯಾವ ಭಾಷೆಯಲ್ಲಿ ಹೇಳಿಸಿದರು? ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ 'ಸೆವೆನ್' ಬಿಟ್ಟರೆ ಎಲ್ಲ ಒಂದೇ ಉಸಿರಿನ ತುಂಡುಗಳು. ನಮ್ಮಲ್ಲಿ ಒಂದು, ಎರಡು, ಒಂಬತ್ತು, ಎಲ್ಲವೂ ಎರಡು ಮೂರು ಅಕ್ಷರ. ಪದ ಉದ್ದವಾದಷ್ಟೂ ನೆನಪಿನಲ್ಲಿ ಕಡಿಮೆ ಹಿಡಿಯುತ್ತದೆ. ವೇಲ್ಸ್ ನಾಡಿನ ವೆಲ್ಷ್ ಭಾಷೆಯ ಅಂಕಿಗಳನ್ನು ಇಟ್ಟುಕೊಂಡು 1980ರಲ್ಲೇ ಇದನ್ನು ತೋರಿಸಿದ್ದಾರೆ. ಕನ್ನಡದಲ್ಲಿ ಹೇಳಿಸಿ, ಇಂಗ್ಲಿಷ್ ಮಕ್ಕಳ ಕೋಷ್ಟಕದಲ್ಲಿ ಅಂಕ ನೋಡಿದರೆ ನಮ್ಮ ಮಗುವಿಗೆ ಅನ್ಯಾಯ.

ಎರಡು ಪದ ಹೇಳಿ 'ಒಂದೇನಾ ಬೇರೆನಾ' ಅಂತ ಕೇಳುವ ಪರೀಕ್ಷೆ ಮಾಡಿದ್ದರೆ, ಅದಕ್ಕೂ ಮೊದಲು ಮಗುವಿಗೆ 'ಒಂದೇ' ಅಂದರೇನು ಅಂತ ಗೊತ್ತಿತ್ತಾ ಕೇಳಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಎಲ್ಲದಕ್ಕೂ 'ಒಂದೇ' ಅನ್ನುತ್ತಿದ್ದಳು, ಕಿವಿ ಸರಿ ಇಲ್ಲ ಅಂತ ಬರೆದಿದ್ದರು. ಎರಡು ಚಮಚ ಇಟ್ಟು ಕೇಳಿದೆ, 'ಒಂದೇ' ಅಂದಳು. ಚಮಚ ಮತ್ತು ಬಾಚಣಿಗೆ ಇಟ್ಟು ಕೇಳಿದೆ, ಆಗಲೂ 'ಒಂದೇ'! ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಚಿತ್ರ ತೋರಿಸಿ ಬೆರಳಿಡು ಅಂದಾಗ ಬಲೆ, ಬಳೆ ಎರಡನ್ನೂ ತಪ್ಪದೆ ತೋರಿಸಿದಳು. ಮನೆಮಾತಿನಲ್ಲಿ ಲಕಾರ ಳಕಾರದ ವ್ಯತ್ಯಾಸವೇ ಇಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ಆ ಜೋಡಿ ಕೊಡಲೇಬಾರದು.

ಇಬ್ಬರು ಮಕ್ಕಳ ಅಪ್ಪ

ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಅವಳಿಗೂ ಕೇಳಿದ ಅಂಕಿ ಎರಡರ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಮರದ ತುಂಡುಗಳನ್ನು ಒಂದೊಂದಾಗಿ ತಟ್ಟಿ ತೋರಿಸಿದಾಗ, ಅದೇ ಕ್ರಮದಲ್ಲಿ ನಾಲ್ಕು ತಟ್ಟಿದಳು. ಕಣ್ಣಿನ ನೆನಪು ಚೆನ್ನಾಗಿದೆ, ಕಿವಿಯಿಂದ ಬಂದದ್ದು ನಿಲ್ಲುವುದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ನಿಮ್ಮ ಮಗನಿಗೂ ಅದನ್ನು ಮಾಡಿಸಿ. ಸುಮ್ನೆ 'ನೆನಪು ಕಡಿಮೆ' ಅನ್ನೋ ಮಾತು ಕೇಳಿ ನಾವು ಮೂರು ತಿಂಗಳು ಕುಗ್ಗಿಹೋಗಿದ್ದೆವು.

ಪುಟ್ಟನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ಟೋಪಿಗೆ 'ತೋಪಿ'ನೇ ಅನ್ನೋದು! ನಿನ್ನೆ ಕಟ್ಟೆ, ಕತ್ತೆ ಎರಡರ ಚಿತ್ರ ಬರೆದೆ. ತುಟಿ ನೋಡಬಾರದು ಅಂತ ಪುಸ್ತಕ ಅಡ್ಡ ಹಿಡಿದು, ಹಿಂದೆ ಮುಂದೆ ಮಾಡಿ ಹತ್ತು ಸಲ ಹೇಳಿದೆ. ಹತ್ತಕ್ಕೆ ಹತ್ತೂ ಸರಿಯಾಗಿ ತೋರಿಸಿದ. ಆದರೆ ನೀನು ಹೇಳು ಅಂದರೆ ಎರಡಕ್ಕೂ 'ಕತ್ತೆ'. ಆಮೇಲೆ ನಾನೇ ಕಟ್ಟೆಯ ಚಿತ್ರ ತೋರಿಸಿ 'ಇದು ಕತ್ತೆ' ಅಂದೆ. ಜೋರಾಗಿ ತಲೆ ಅಲ್ಲಾಡಿಸಿ, 'ಅಲ್ಲ ಅಮ್ಮ, ಕತ್ತೆ ಅಲ್ಲ, ಕತ್ತೆ!' ಅಂತ ಸಿಟ್ಟು ಮಾಡಿಕೊಂಡ. ನನಗೆ ಅಳು ಬಂದುಬಿಡ್ತು. ಇದರ ಅರ್ಥ ಅವನಿಗೆ ಸರಿಯಾಗಿ ಕೇಳಿಸುತ್ತಿದೆ ಅಂತನಾ?

ಸ್ಪೀಚ್ ಥೆರಪಿಸ್ಟ್, 14 ವರ್ಷದಿಂದ

ಈ ಎರಡು ಧ್ವನಿಗಳ ಮಟ್ಟಿಗೆ ಹೌದು. ಎರಡು ಚಿತ್ರದಲ್ಲಿ ಒಂದು ಆರಿಸುವಾಗ ಊಹೆಯಿಂದಲೇ ಹತ್ತಕ್ಕೆ ಐದು ಸಿಗುತ್ತದೆ. ಹತ್ತಕ್ಕೆ ಹತ್ತು ಊಹೆಯಿಂದ ಸಿಗುವುದು ಸಾವಿರಕ್ಕೊಂದು ಸಲ. ಅವನು ಹಾಗೆ ಸಿಟ್ಟು ಮಾಡಿಕೊಂಡಿದ್ದಂತೂ ನಮಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. 1960ರಲ್ಲಿ ಬರ್ಕೊ ಮತ್ತು ಬ್ರೌನ್ ಎಂಬ ಸಂಶೋಧಕರು ಇಂಥದೇ ಮಗುವಿನ ಬಗ್ಗೆ ಬರೆದಿದ್ದಾರೆ. ಆಟಿಕೆ ಮೀನಿಗೆ ಇಂಗ್ಲಿಷಿನ 'ಫಿಶ್' ಅನ್ನುವ ಬದಲು ತಾನು 'ಫಿಸ್' ಅನ್ನುತ್ತಿತ್ತು, ದೊಡ್ಡವರು 'ಫಿಸ್' ಅಂದರೆ ಒಪ್ಪುತ್ತಿರಲಿಲ್ಲ. ಬೇರೆ ಧ್ವನಿಗಳನ್ನೂ ಹೀಗೇ ನೋಡಬೇಕು, ಅದು ನಿಮ್ಮ ಥೆರಪಿಸ್ಟ್ ಕೆಲಸ. ಈಗ ಬರೆದದ್ದನ್ನು ಹಾಗೇ ಅವರಿಗೆ ತೋರಿಸಿ. ತಕಾರ ಹೇಳಿದ್ದಕ್ಕೆ ತಪ್ಪು ಹಾಕದೆ ಅಂಕ ಮತ್ತೆ ಎಣಿಸಲು ಕೇಳಿ, ತುಂಡು ತಟ್ಟುವುದನ್ನೂ ಮಾಡಿಸಲು ಹೇಳಿ. ಟಿಂಪನೊಮೆಟ್ರಿ ಮಾತ್ರ ಈ ವಾರವೇ ಆಗಲಿ.

ಪುಟ್ಟನ ಅಮ್ಮ

ಗುರುವಾರಕ್ಕೆ ಹೇಳಿಟ್ಟಿದ್ದೇನೆ ಮೇಡಂ. ಕಟ್ಟೆ ಕತ್ತೆಯ ಚಿತ್ರ ಅವನೇ ಬ್ಯಾಗಿಗೆ ಹಾಕಿಕೊಂಡಿದ್ದಾನೆ.