ಪದಚರ್ಚೆ: ಕರ್ನಲ್ ಅನ್ನು ಹೇರುವುದಾ, ಲೋಡ್ ಮಾಡುವುದಾ?

ನಮಸ್ಕಾರ. ಗ್ರಬ್ ಅನ್ನುವ ಬೂಟ್‌ಲೋಡರ್‌ನ (ಕಂಪ್ಯೂಟರ್ ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ರಾತ್ರಿಯೊಳಗೆ ಕಳಿಸಬೇಕು. 'ಯು ನೀಡ್ ಟು ಲೋಡ್ ದ ಕರ್ನಲ್ ಫಸ್ಟ್' ಅನ್ನುವ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಮುಖ್ಯ ಭಾಗ. ಮೆನುವಿನ 'ಲಿನಕ್ಸ್' ಸಾಲಿನಲ್ಲಿ ಕರ್ನಲ್ ಫೈಲಿನ ಹೆಸರು ತಪ್ಪಿದ್ದರೆ, ಅದರ ಕೆಳಗಿನ, ಕರ್ನಲ್ ಏಳುವಾಗ ಬೇಕಾಗುವ ತಾತ್ಕಾಲಿಕ ಫೈಲುಗಳನ್ನು ತರುವ, 'ಇನಿಟ್‌ಆರ್‌ಡಿ' ಸಾಲಿಗೆ ಬಂದಾಗ ಇದು ಕಾಣುತ್ತದೆ. "ಮೊದಲು ತಿರುಳನ್ನು ಹೇರಿ" ಅಂತ ಬರೆದಿದ್ದೇನೆ. ನಡೆಯುತ್ತದಾ?

---

ನಡೆಯೋಲ್ಲ. "ಹೇರಿ" ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಹಿಂದಿ ಹೇರಿಕೆ. ಅದೂ ಅಲ್ಲದೆ ಗ್ರಬ್ ಸುಮ್ನೆ ಮೂಟೆ ಹೊರುವ ಕೂಲಿಯಲ್ಲ, ಮೊದಲು ಹುಡುಕುತ್ತದೆ. ಹಳೇ ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ) ಡಿಸ್ಕಿನ ಮೊದಲ 512 ಬೈಟು ಓದಿ ಕೈ ತೊಳೆದುಕೊಳ್ಳುತ್ತದೆ. ಅದರಲ್ಲೂ ಕೋಡಿಗೆ ಸಿಗುವುದು ಹೆಚ್ಚೆಂದರೆ 446, ಅಷ್ಟರಲ್ಲಿ ಫೈಲ್‌ಸಿಸ್ಟಮ್ ಓದುವ ಕೋಡು ಹಿಡಿಸುವುದೇ ಇಲ್ಲ, ಹಾಗಾಗಿ ಅಲ್ಲಿರುವ ಗ್ರಬ್‌ನ ಪುಟ್ಟ ತುಂಡು ಗ್ರಬ್‌ನದೇ ಇನ್ನೊಂದು ದೊಡ್ಡ ತುಂಡನ್ನು ಕರೆಯುತ್ತದೆ, ಓದು ಬರಹ ಬರುವ ಆ ತುಂಡು ಬೂಟ್ ಫೋಲ್ಡರಿನೊಳಗೆ ವಿಎಂಲಿನಜ್ ಅನ್ನುವ ಕರ್ನಲ್ ಫೈಲನ್ನು ಹುಡುಕಿ ಮೆಮೊರಿಗೆ ತರುತ್ತದೆ. ಹಿಂದಿನ ಬೂಟ್‌ಲೋಡರ್ ಲಿಲೊಗೆ ಈ ವಿದ್ಯೆ ಇರಲಿಲ್ಲ. ಕರ್ನಲ್ ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಬೂಟ್ ಫೈಲುಗಳನ್ನು ಆಚೀಚೆ ಮಾಡಿ, ಲಿಲೊ ಓಡಿಸುವುದು ಮರೆತು, ಪರದೆಯ ಮೇಲೆ ಬರೀ 'ಎಲ್ ಐ' ಅಂತ ಎರಡೇ ಅಕ್ಷರ ನಿಂತದ್ದನ್ನು ನೋಡುತ್ತಾ ಕೂತಿದ್ದೇನೆ ನಾನು.

---

ಸರ್, ಪಾಠ ಸಾಕು, ಕೇಳಿದ್ದು ಪದ. ಹೇರು ಹಳಗನ್ನಡದ "ಪೇಱು". ಗಾಡಿಗೆ ಹುಲ್ಲು ಹೇರುತ್ತೇವೆ, ಅದರಲ್ಲಿ ಹಿಂದಿ ಎಲ್ಲಿಂದ ಬಂತು? ತಿರುಳನ್ನಂತೂ ಬಿಡಲೇಬೇಡಿ. ವಿಎಂಲಿನಜ್ ಒತ್ತಿ ಕಟ್ಟಿದ ಫೈಲು, ಮೆಮೊರಿಗೆ ಬಂದ ಮೇಲೆ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಸಿಪ್ಪೆ ಬಿಟ್ಟು ಹೊರಗೆ ಬರುವುದು ತಿರುಳೇ ಅಲ್ವಾ? ಬೂಟ್‌ಲೋಡರ್‌ಗೂ "ಎಬ್ಬಿಸುಕ" ಅನ್ನಿ. ಬೂಟು ಅಂದರೆ ನಮ್ಮಲ್ಲಿ ಕಾಲಿಗೆ ಹಾಕುವುದು.

---

ಇಂಗ್ಲಿಷಿನಲ್ಲೂ ಅದು ಕಾಲಿಗೆ ಹಾಕುವುದೇ, ಬೂಟಿನ ಹಿಂದಿನ ಪಟ್ಟಿಯಿಂದ ಬಂದ ಮಾತು. ಎಬ್ಬಿಸುಕ ಅಂತೆ! ಕುರ್ಚಿ ಅರಬ್ಬಿ, ಕಾಗದ ಪಾರ್ಸಿ, ಅವನ್ನೂ ಬಿಟ್ಟು ನೆಲದ ಮೇಲೆ ಕೂತು ಓಲೆಗರಿಯಲ್ಲಿ ಬರೆಯಿರಿ. ಮಧ್ಯರಾತ್ರಿ ಯಂತ್ರ ಏಳದೆ ಕೂತವನು ಈ ಸಾಲನ್ನು ಮೊಬೈಲಿನಲ್ಲಿ ಹುಡುಕುತ್ತಾನೆ ಸ್ವಾಮಿ. "ತಿರುಳು ಹೇರು" ಅಂತ ಹುಡುಕಿದರೆ ತೆಂಗಿನಕಾಯಿ ಲಾರಿ ಸಿಗುತ್ತದೆ.

---

ಇಬ್ಬರಿಗೂ ಥ್ಯಾಂಕ್ಸ್. "ಮೊದಲು ಕರ್ನಲ್ ಲೋಡ್ ಮಾಡಬೇಕು" ಅಂತ ಹಾಕಿದೆ. ತಿರುಳು ಇಷ್ಟವಾಗಿತ್ತು, ಆದರೆ ಇದೇ ಫೈಲಿನಲ್ಲಿ ಮೇಲೆ ಹತ್ತು ಕಡೆ ಕರ್ನಲ್ ಅಂತಲೇ ಇದೆ. ಮುಂದಿನ ಸಾಲು, ಇನ್ನೊಂದು ಬೂಟ್‌ಲೋಡರನ್ನು ಕರೆಯುವ 'ಚೈನ್‌ಲೋಡರ್'. ದಯವಿಟ್ಟು ಯಾರೂ ಸರಪಳಿ ಅನ್ನಬೇಡಿ.